ಒಂದು ಕೈಯಲ್ಲಿ ಎತ್ತುವಂಥದ್ದು

ನನ್ನ ಹಿರಿಯ ಮಗ ತೀರಿಕೊಂಡ ಸುದ್ದಿ ಬಂದಾಗ ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಮೈಕಿನ ವೈರು ಸುತ್ತುತ್ತಿದ್ದೆ. ನಮ್ಮದು ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ. ಯಜಮಾನರು ಕಟ್ಟಿದ್ದು, ಅವರ ನಂತರ ಇಬ್ಬರು ಗಂಡುಮಕ್ಕಳು ನಡೆಸಿಕೊಂಡು ಬಂದರು. ವೈರು ಸುತ್ತುವುದು ಮಾತ್ರ ಮೊದಲಿನಿಂದಲೂ ನನ್ನ ಪಾಲಿನ ಕೆಲಸ. ಒಂದು ಸುತ್ತು ಒಳಮುಖ, ಒಂದು ಸುತ್ತು ಹೊರಮುಖ. ಹಾಗೆ ಸುತ್ತಿದರೆ ಬಿಚ್ಚುವಾಗ ಗಂಟು ಬೀಳುವುದಿಲ್ಲ.

ಕಿರಿಯವನು ಒಬ್ಬನೇ ನಡೆದು ಬಂದ. ವ್ಯಾನು ತಂದಿರಲಿಲ್ಲ. ನನ್ನೆದುರು ನೆಲದ ಮೇಲೆ ಕುಳಿತು, ನಾನು ಸುತ್ತುತ್ತಿದ್ದ ವೈರಿನ ಇನ್ನೊಂದು ತುದಿಯನ್ನು ಹಿಡಿದುಕೊಂಡ. ಅಣ್ಣ ಮೆಟ್ಟಿಲ ಮೇಲೆ ಬಿದ್ದ ಎಂದ. ಎಲ್ಲಿಗೆ ಪೆಟ್ಟಾಯಿತು ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ವೈರು ಸುತ್ತುತ್ತಲೇ ಇತ್ತು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಅವಳು ಬಂದಾಗ ಬೆರಳಿಗೆ ಬಿಳಿ ಪುಡಿ ಹಾಗೆಯೇ ಮೆತ್ತಿಕೊಂಡಿತ್ತು. ಕೈ ತೊಳೆಯಲೂ ಯಾರೂ ಬಿಟ್ಟಿರಲಿಲ್ಲ. ಅಳಲಿಲ್ಲ. ಮೈದುನನ ಮುಂದೆ ನಿಂತು ಒಂದೇ ಮಾತು ಕೇಳಿದಳು.

"ಯಾವ ಡಬ್ಬ ಎತ್ತಿದ್ರು?"

"ದೊಡ್ಡದು, ಅತ್ತಿಗೆ."

"ಒಬ್ಬರೇನಾ?"

ಅವನು ಕೈಯಲ್ಲಿದ್ದ ವೈರಿನ ತುದಿಯನ್ನು ನೆಲಕ್ಕಿಟ್ಟ. ಅದೇ ಉತ್ತರವಾಯಿತು. ಹೃದಯ ಬಹಳ ದಿನದಿಂದ ಕೆಟ್ಟಿತ್ತು, ಎತ್ತದಿದ್ದರೂ ನಿಲ್ಲುವುದೇ ಇತ್ತು ಎಂದು ವೈದ್ಯರು ಆಮೇಲೆ ಎಷ್ಟು ಬಿಡಿಸಿ ಹೇಳಿದರೂ ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಪಾಲಿಗೆ ಗಂಡನನ್ನು ಕೊಂಡೊಯ್ದದ್ದು ಆ ಸ್ಪೀಕರ್ ಡಬ್ಬ.

ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ನಾನು ಬೆಳಿಗ್ಗೆ ಸಂಜೆ ಪ್ರಾರ್ಥನೆಗೆ ಕೂರುತ್ತಿದ್ದೆ. ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಕಿವಿ ವ್ಯಾನಿನ ಸದ್ದಿಗೆ ಕಾಯುತ್ತಿತ್ತು. ಮನೆ ಹೇಗೋ ನಡೆಯಿತು. ಕಿರಿಯ ಮಗ ಡಬ್ಬಗಳಿಗೆ ಚಕ್ರ ಹಾಕಿಸಿದ, ಹೊರುವುದಕ್ಕೆ ಇಬ್ಬರು ಆಳುಗಳನ್ನು ಗೊತ್ತುಮಾಡಿದ. ಸೊಸೆ ಕೆಲಸಕ್ಕೆ ಹೋಗತೊಡಗಿದಳು. ಮೊಮ್ಮಗಳೂ ಹೋಗತೊಡಗಿದಳು, ಅವಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಮಗುವಾಗಿದ್ದಾಗ ಬಾಯಿ ಮುಚ್ಚದೆ ಗುಂಯ್‌ಗುಟ್ಟುತ್ತಿದ್ದಳೆಂದು ಅವಳಪ್ಪ ಅವಳನ್ನು ಜೀರುಂಡೆ ಎಂದು ಕರೆಯುತ್ತಿದ್ದ. ಆ ಹೆಸರೇ ನಿಂತಿತು. ಈಗ ಜೀರುಂಡೆಗೆ ದನಿಯೇ ಇರಲಿಲ್ಲ. ಅವಳ ಗಿಟಾರು ಮಂಚದ ಕೆಳಗೆ ಸೇರಿತ್ತು.

ಒಂದು ಸಂಜೆ ಅವಳ ಗೆಳತಿ ಬಂದಳು. ಅವರದೊಂದು ತಂಡವಿದೆ, ಈ ಹುಡುಗಿ ಡ್ರಮ್ಮು ಬಾರಿಸುವವಳು, ಹಗಲು ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ. ಎರಡಕ್ಕೂ ಅದೇ ತೋಳು ಎಂದು ಅವಳೇ ನಗುತ್ತಾಳೆ. ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿಟ್ಟು, ನಮ್ಮ ಜೊತೆಗೇ ಊಟಕ್ಕೆ ಕುಳಿತು, ಸುತ್ತಿ ಬಳಸದೆ ವಿಷಯ ಹೇಳಿದಳು. ಊರಿನ ದೊಡ್ಡ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಹೊಸ ತಂಡಗಳ ಸಂಗೀತ ಸಂಜೆ ನಡೆಯುತ್ತದಂತೆ. ಇವರು ಆಯ್ಕೆಯಾಗಿದ್ದಾರೆ. ಮೂರು ಹಾಡು. ಒಂದು ನೀರಿನ ಹಾಗೆ ತಿಳಿಯಾಗಿ ಶುರುವಾಗಬೇಕು, ಒಂದು ರಾಕ್, ಕೊನೆಯದು ಮೆಟಲ್ ಅಂತೆ, ಗೋಡೆ ಕುಸಿದ ಹಾಗೆ ಬೀಳಬೇಕು. ಮೂರನ್ನೂ ನುಡಿಸಬಲ್ಲ ಆಂಪ್ಲಿಫೈಯರ್ ಬೇಕು. ಮೊದಲಿದ್ದ ಗಿಟಾರಿನ ಹುಡುಗ ತಂಡ ಬಿಡುವಾಗ ತನ್ನದನ್ನು ಹೊತ್ತುಕೊಂಡು ಹೋಗಿದ್ದ. ಜೀರುಂಡೆಯ ಬಳಿ ಇದ್ದದ್ದು ಊಟದ ಡಬ್ಬಿಯಷ್ಟು ದೊಡ್ಡದು, ಕೋಣೆಯಿಂದಾಚೆ ಕೇಳುತ್ತಿರಲಿಲ್ಲ.

"ಆಂಪ್ ಇಲ್ಲದೆ ಇದ್ರೆ ಅವನನ್ನೇ ವಾಪಸ್ ಕರೀತಾರಂತೆ," ಎಂದಳು ಡ್ರಮ್ಮಿನವಳು. "ನಾನು ಬೇಡ ಅಂತಿದೀನಿ. ಆದ್ರೆ ಹಾಡೋನು ಕೇಳ್ತಿಲ್ಲ. ಬೇಗ ಏನಾದ್ರೂ ಮಾಡೇ."

ಜೀರುಂಡೆ ತಟ್ಟೆ ನೋಡಿಕೊಂಡು, ತಾನೇ ಬಂದು ಆರಿಸಿಕೊಡುತ್ತೇನೆ ಎಂದು ಅಪ್ಪ ಹೇಳಿದ್ದರು ಎಂದಳು. ಸೊಸೆ ಬ್ರೆಡ್ಡು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ತಗೋ. ನಾನೇನೂ ಬೇಡ ಅನ್ನಲ್ಲ. ಆದ್ರೆ ನೀನು ಒಂದು ಕೈಲಿ ಎತ್ತೋ ಹಾಗಿರಬೇಕು."

"ಅಮ್ಮ, ಒಳ್ಳೇವೆಲ್ಲ ಭಾರಾನೇ ಇರ್ತವೆ."

"ಹಾಗಾದ್ರೆ ಒಳ್ಳೇದು ಬೇಡ."

ಅಲ್ಲಿಂದ ಶುರುವಾಯಿತು. ಕೈಯಲ್ಲಿ ತೂಗಿ ನೋಡಿ ಕೊಳ್ಳುವುದಕ್ಕೆ ಆಂಪ್ಲಿಫೈಯರೆಂದರೆ ಸೌತೆಕಾಯಿಯಲ್ಲ ಎಂದಳು ಮಗಳು. ತಾಯಿ ತನಗೆ ಎಲ್ಲಾ ಗೊತ್ತು ಎಂದಳು. ನಡುವೆ ಕಿರಿಯ ಮಗ ಎದೆ ಉಬ್ಬಿಸಿಕೊಂಡು ಬಾಯಿ ಹಾಕಿದ. ಅಂಗಡಿ ತುಂಬ ಆಂಪ್ಲಿಫೈಯರ್ ಇಟ್ಟುಕೊಂಡು ಹೊರಗೆ ಹೋಗಿ ಕೊಂಡರೆ ಜನ ಬಾಯಿಗೆ ಬಂದ ಹಾಗೆ ಆಡಿಕೊಂಡಾರು; ಹಗುರವಾದದ್ದೊಂದನ್ನು ತಾನೇ ಜೋಡಿಸಿಕೊಡುತ್ತೇನೆ, ಇಡೀ ಸಭಾಂಗಣಕ್ಕೆ ಕೇಳುವಂಥದ್ದು ಎಂದ. ಅವನಿಗೆ ಅಣ್ಣನ ಜಾಗದಲ್ಲಿ ನಿಂತು ಏನಾದರೂ ಮಾಡಬೇಕಿತ್ತು. ಅದು ನನಗೆ ಕಾಣುತ್ತಿತ್ತು.

ಅವನು ಗೋಡೌನಿನಲ್ಲಿ ಎಲ್ಲವನ್ನೂ ಜೋಡಿಸಿದ. ಭಾಷಣಕ್ಕೆ ಕೊಡುವ ನಮ್ಮ ಅತ್ಯುತ್ತಮ ಸ್ಪೀಕರು, ಅದರ ಹಿಂದೆ ಆಂಪ್ಲಿಫೈಯರು. ಸದ್ದನ್ನು ಒರಟು ಮಾಡುವ ಪುಟ್ಟ ಪೆಟ್ಟಿಗೆಯೊಂದನ್ನು ಜೀರುಂಡೆ ತಂದು ನಡುವೆ ಸಿಕ್ಕಿಸಿದಳು. ತಂಡದವರು ಬಂದರು. ಅವಳು ತಂತಿ ಮೀಟಿದಳು. ಕಣಜದ ಹುಳುಗಳನ್ನು ತಗಡಿನ ಡಬ್ಬದಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸಿತು. ಹಾಡುವವನು ಕಿವಿ ಮುಚ್ಚಿಕೊಂಡು ನಕ್ಕ.

ಕಿರಿಯ ಮಗ ಗಾಬರಿಬಿದ್ದು ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದ. ಬರಬರುತ್ತ ಕರಕರ ಕಡಿಮೆಯಾಯಿತು, ಕೊನೆಗೆ ಪೂರ್ತಿ ಮಾಯವಾಯಿತು. ಗಿಟಾರು ಪ್ರಾರ್ಥನಾ ಮಂದಿರದ ಗಂಟೆಯಷ್ಟು ಶುದ್ಧವಾಗಿ ನುಡಿಯಿತು. ಅವನು ಬೆವರು ಒರೆಸಿಕೊಂಡು ಹೆಮ್ಮೆಯಿಂದ ಸುತ್ತ ನೋಡಿದ.

"ಈಗ ನೋಡಿ. ಎಲ್ಲೂ ಒಡೀತಿಲ್ಲ."

"ಚಿಕ್ಕಪ್ಪ," ಎಂದಳು ಜೀರುಂಡೆ, ಅಳುವುದೋ ನಗುವುದೋ ತಿಳಿಯದೆ. "ಒಡೀಬೇಕು. ಅದಕ್ಕೇ ಇದನ್ನೆಲ್ಲ ಮಾಡ್ತಿರೋದು."

ಹುಟ್ಟಿದಾಗಿನಿಂದ ಸದ್ದಿನ ಕರಕರ ತೆಗೆಯುವುದನ್ನೇ ಕಲಿತ ಕೈ ಅದು. ಒಡೆದ ಸದ್ದನ್ನು ಕೆಟ್ಟ ಸದ್ದು ಎಂದೇ ತಿಳಿದ ಮನೆ ನಮ್ಮದು. ಡ್ರಮ್ಮಿನವಳು ಅವನ ಪಕ್ಕ ಕುಳಿತು ತಾಳ್ಮೆಯಿಂದ ವಿವರಿಸಿದಳು. ನಮ್ಮ ಸ್ಪೀಕರು ಏನನ್ನೂ ಮುಚ್ಚಿಡುವುದಿಲ್ಲ, ಬಂದ ಮೊನಚೆಲ್ಲ ಹಾಗೆಯೇ ಹೊರಗೆ ಬರುತ್ತದೆ. ಗಿಟಾರಿನ ಸ್ಪೀಕರು ಹಾಗಲ್ಲ, ಮೇಲಿನ ಮೊನಚನ್ನು ನುಂಗಿ ಬರೀ ತಿರುಳನ್ನು ಬಿಡುತ್ತದೆ. ಅವನು ತಲೆಯಾಡಿಸಿದ. ಆ ರಾತ್ರಿ ಊಟದ ಹೊತ್ತಿಗೆ, ಕೊಳ್ಳುವುದೇ ಒಳ್ಳೆಯದು ಎಂದು ಅವನೇ ಹೇಳಿದ.

ರಜದ ದಿನ ನಾಲ್ವರೂ ಹೊರಟೆವು. ವಾದ್ಯದ ಅಂಗಡಿಯವನಿಗೆ ನೀಳ ಜುಟ್ಟು, ಉಗುರಿಗೆ ಕಪ್ಪು ಬಣ್ಣ. ಮಾತು ಮಾತ್ರ ಮೆದು. ನನಗೆ ಕುರ್ಚಿ ಹಾಕಿಕೊಟ್ಟು, ಅಜ್ಜಿಗೆ ಯಾವ ತರಹದ ಸಂಗೀತ ಇಷ್ಟ ಎಂದು ವಿಚಾರಿಸಿದ. ಪ್ರಾರ್ಥನೆ ಎಂದೆ. ಅದಕ್ಕೂ ಒಂದು ಇದೆ ಎಂದು ನಕ್ಕ.

ಮೊದಲು ಒಂದು ಕಂಪ್ಯೂಟರಿನಂಥದ್ದನ್ನು ತೋರಿಸಿದ. ಒಳಗೆ ನೂರಾರು ಆಂಪುಗಳ ಸದ್ದು ತುಂಬಿದೆಯಂತೆ, ಗುಂಡಿ ಒತ್ತಿದರೆ ಸಾಕು. ಜೀರುಂಡೆ ಬಹಳ ಹೊತ್ತು ನುಡಿಸಿದಳು. ಚೆನ್ನಾಗಿದೆ, ಆದರೆ ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಇದು ಒಂದೇ ಮುಖ ಮಾಡಿಕೊಂಡಿರುತ್ತದೆ, ನನ್ನ ಕೈ ಇದಕ್ಕೆ ತಿಳಿಯುತ್ತಿಲ್ಲ ಎಂದಳು. ಆಮೇಲೆ ಹಳೇ ರೇಡಿಯೋದಲ್ಲಿರುತ್ತಿದ್ದಂಥ ವಾಲ್ವಿನದೊಂದು. ಮುಂದೆ ಎರಡು ದೊಡ್ಡ ಸ್ಪೀಕರು, ಹಿಂದೆ ಗಾಜಿನ ಕೊಳವೆಗಳು ದೀಪದ ಹಾಗೆ ಕೆಂಪಗೆ ಉರಿಯುತ್ತಿದ್ದವು. ಅದರಲ್ಲಿ ಅವಳು ತಿಳಿಯಾದ ಸ್ವರ ನುಡಿಸಿ, ಕಾಲಿನಿಂದ ಒಂದು ಗುಂಡಿ ಒತ್ತಿದಳು. ನಾನು ಕುಳಿತ ಕುರ್ಚಿ ನಡುಗಿತು. ಅಷ್ಟು ಗದ್ದಲದಲ್ಲೂ ಆರು ತಂತಿಯ ಆರು ದನಿ ಬೇರೆಬೇರೆಯಾಗಿ ಕೇಳಿದವು. ಮಂದಿರದಲ್ಲಿ ಎಲ್ಲರೂ ಕೂಡಿ ಹಾಡುವಾಗ ಪಕ್ಕದವಳ ದನಿಯೂ ತಿಳಿಯುವಂತೆ. ಅವಳ ಮುಖ ನೋಡಿದೆ. ಅವಳಪ್ಪ ಹೋದ ಮೇಲೆ ಆ ಮುಖವನ್ನು ನಾನು ಕಂಡಿರಲಿಲ್ಲ.

ಇತ್ತ ಸೊಸೆ ಏನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸಾಲಿನುದ್ದಕ್ಕೂ ನಡೆಯುತ್ತ ಒಂದೊಂದರ ಹಿಡಿಕೆಗೂ ಕೈ ಹಾಕಿ ಎತ್ತಿ ಇಡುತ್ತಿದ್ದಳು. ಜುಟ್ಟಿನವನು ಸ್ವಲ್ಪ ಹೊತ್ತು ನೋಡಿದ.

"ಅಮ್ಮ, ಇದನ್ನ ಕೇಳಿ ನೋಡಬೇಕು, ಎತ್ತಿ ಅಲ್ಲ."

"ಕೇಳೋರು ಬಂದಿದಾರೆ. ನಾನು ಎತ್ತೋಳು."

ಹೀಗೆ ಹೇಳಿ ವಾಲ್ವಿನದರ ಬಳಿಗೆ ಬಂದಳು. ಮಗಳು ಗಿಟಾರು ಹಿಡಿದುಕೊಂಡು ಪಕ್ಕಕ್ಕೆ ಸರಿದಳು. ಸೊಸೆ ಒಂದು ಕೈಯಲ್ಲಿ ಎಳೆದಳು, ಅಲುಗಲಿಲ್ಲ. ಎರಡೂ ಕೈ ಹಾಕಿ ಮೊಣಕಾಲೆತ್ತರಕ್ಕೆ ತಂದು ನೆಲಕ್ಕಿಳಿಸಿದಳು.

"ಇದು ಬೇಡ."

"ಚಕ್ರ ಹಾಕಿಸ್ತೀನಿ ಅತ್ತಿಗೆ," ಎಂದ ಕಿರಿಯ ಮಗ.

"ಮೆಟ್ಟಿಲಿಗೆ ಚಕ್ರ ಹತ್ತತ್ತಾ?"

ಜೀರುಂಡೆ ಗಿಟಾರನ್ನು ಗೋಡೆಗೆ ಒರಗಿಸಿದಳು. "ಅಪ್ಪ ಡಬ್ಬದಿಂದ ಸತ್ತಿದ್ದಲ್ಲಮ್ಮ. ಡಾಕ್ಟ್ರು ಹೇಳಿದಾರೆ. ನಿಂಗೆ ಯಾರ ಮೇಲಾದ್ರೂ ಸಿಟ್ಟು ಬೇಕು, ಅದಕ್ಕೆ ಇದರ ಮೇಲೆ ತೀರಿಸ್ಕೋತಿದೀಯ."

ಅಂಗಡಿಯಲ್ಲಿ ಬೇರೆಯವರೂ ಇದ್ದರು. ಸೊಸೆ ಕೈಚೀಲ ತೆಗೆದುಕೊಂಡು ಹೊರಗೆ ಹೋಗಿ ಬಸ್‌ ಸ್ಟಾಪಿನಲ್ಲಿ ನಿಂತಳು. ನಾವು ಹಿಂದೆಯೇ ಹೋದೆವು. ಬಸ್ಸಿನಲ್ಲಿ ತಾಯಿ ಮುಂದೆ, ಮಗಳು ಹಿಂದೆ, ನಡುವೆ ನಾವಿಬ್ಬರು ಗೋಡೆಯ ಹಾಗೆ ಕುಳಿತೆವು.

ಆಮೇಲೆ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟರು. ಉಪ್ಪು ಬೇಕಿದ್ದರೂ ನನ್ನ ಮೂಲಕವೇ. "ಅಜ್ಜಿ, ಅಮ್ಮನ ಹತ್ರ ಉಪ್ಪಿನ ಡಬ್ಬಿ ಇದೆ ನೋಡು." "ಅತ್ತೆ, ಬಟ್ಟೆ ಒಣಗಿದೆ, ತೆಗೀಬೇಕಾದೋರು ತೆಗೀಲಿ ಅನ್ನಿ." ನಾನು ಪೋಸ್ಟ್ ಆಫೀಸಾದೆ. ಒಂದು ದಿನ ಬೇಸರ ಬಂದು, ಇನ್ನು ಮೇಲೆ ಸ್ಟಾಂಪು ಹಚ್ಚದ ಮಾತು ಸಾಗಿಸುವುದಿಲ್ಲ ಎಂದೆ. ಕಿರಿಯ ಮಗ ನಕ್ಕ. ಅವರಿಬ್ಬರೂ ನಗಲಿಲ್ಲ, ಆದರೆ ಒಬ್ಬರು ನಕ್ಕಾರೋ ಎಂದು ಇನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡರು. ಅಷ್ಟಾದರೂ ಉಳಿದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ಡ್ರಮ್ಮಿನವಳು ಫೋನು ಮಾಡಿ ವಾರದ ಕೊನೆಗೆ ಗಿಟಾರು ನುಡಿಸುವವರ ಹೆಸರು ಕೊಡಬೇಕು ಎಂದಳಂತೆ. ಜೀರುಂಡೆ ಪಾತ್ರೆ ತೊಳೆಯುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಉತ್ತರ ಕೊಟ್ಟಳು. ಆ ಹುಡುಗನನ್ನೇ ಕರೆಯಿರಿ, ನನ್ನಿಂದ ಆಗುವುದಿಲ್ಲ. ಗಿಟಾರು ಬೇಕಾದರೆ ಅವನಿಗೇ ಕೊಟ್ಟುಬಿಡುತ್ತೇನೆ, ನಮ್ಮ ಮನೆಯಲ್ಲಿ ಅದಕ್ಕಿನ್ನು ಕೆಲಸವಿಲ್ಲ. ದನಿ ಏರಿಸಲಿಲ್ಲ. ಪಾತ್ರೆ ಒರೆಸುತ್ತಿದ್ದ ಸೊಸೆ ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸಿದಳು. ಗೆಳತಿ ಒಪ್ಪದೆ, ವಾರದ ಕೊನೆಯವರೆಗೂ ಕಾಯುತ್ತೇನೆ ಎಂದು ಫೋನಿಟ್ಟಳಂತೆ.

ಮಾರನೆಯ ದಿನ ಸೊಸೆ ಮಧ್ಯಾಹ್ನದ ಊಟ ಬಿಟ್ಟಿದ್ದಳೆಂದು ಸಂಜೆ ಅವಳ ಬುತ್ತಿಯ ಡಬ್ಬಿ ತೊಳೆಯುವಾಗ ತಿಳಿಯಿತು. ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಮೈ ಸರಿಯಿಲ್ಲವೇ ಎಂದು ವಿಚಾರಿಸಿದೆ. ಜುಟ್ಟಿನವನ ಅಂಗಡಿಗೆ ಹೋಗಿದ್ದೆ ಎಂದಳು.

ಆ ಹೊತ್ತಿಗೆ ಎಲ್ಲರೂ ಮೇಜಿಗೆ ಬಂದಿದ್ದರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ, ಯಾರ ಮುಖವನ್ನೂ ನೋಡದೆ ಅವಳು ಹೇಳತೊಡಗಿದಳು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕೆಂದಿಲ್ಲವಂತೆ. ತಲೆ ಎಂದು ಕರೆಯುವ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಡಬ್ಬ ಬೇರೆಯಾಗಿಯೂ ಸಿಗುತ್ತವಂತೆ. ವಾಲ್ವಿನದೇ ಒಂದು ಚಿಕ್ಕ ತಲೆ ಇದೆ. ಮೂರು ದನಿ, ತಿಳಿಯಾದದ್ದು, ಸ್ವಲ್ಪ ಒಡೆದದ್ದು, ಪೂರ್ತಿ ಒಡೆದದ್ದು. ಕಾಲಲ್ಲಿ ಬದಲಾಯಿಸಬಹುದು. ಮನೆಯಲ್ಲಿ ನುಡಿಸುವಾಗ ಶಕ್ತಿ ತಗ್ಗಿಸುವ ಗುಂಡಿಯೂ ಇದೆ, ಆಗ ಸದ್ದು ಕಮ್ಮಿಯಾದರೂ ಒಡಕು ಹಾಗೆಯೇ ಇರುತ್ತದೆ. ದಪ್ಪ ತಂತಿಯನ್ನು ಅಂಗೈಯಿಂದ ಒತ್ತಿ ಬೇಗಬೇಗ ಮೀಟಿದರೂ ಸದ್ದು ಕೆಸರಾಗುವುದಿಲ್ಲವೇ ಎಂದು ತಾನು ಕೇಳಿದ್ದಕ್ಕೆ, ಇಲ್ಲವೆಂದು ಜುಟ್ಟಿನವನೇ ನುಡಿಸಿ ತೋರಿಸಿದನಂತೆ.

ಜೀರುಂಡೆಯ ಕೈಯಲ್ಲಿದ್ದ ಆಲೂಗಡ್ಡೆ ಹಾಗೆಯೇ ನಿಂತಿತ್ತು. "ಇದನ್ನೆಲ್ಲ ಕೇಳಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ನೀನು ಡ್ರಮ್ಮಿನವಳ ಹತ್ರ ಫೋನಲ್ಲಿ ಇಷ್ಟು ದಿನ ಇನ್ನೇನು ಮಾತಾಡ್ತಿದ್ದೆ? ನಂಗೂ ಕಿವಿ ಇದೆ."

"ಸದ್ದು ಹೇಗಿತ್ತಮ್ಮ?"

"ಸದ್ದು ನಂಗೆ ಗೊತ್ತಾಗಲ್ಲ. ತಲೆಯನ್ನ ಒಂದು ಕೈಲಿ ಎತ್ತಿದೆ. ಇನ್ನೊಂದು ಕೈಲಿ ಚೀಲ ಇತ್ತು." ಮೈದುನನ ಕಡೆ ತಿರುಗಿದಳು. "ಸ್ಪೀಕರ್ ಡಬ್ಬ ಮಾತ್ರ ಅಲ್ಲಿ ಇದ್ದಿದ್ದೆಲ್ಲ ಹೆಣಭಾರ. ಅಂಗಡಿ ಡಬ್ಬಗಳಿಗೆಲ್ಲ ಮರ ಕೊಯ್ಯೋನು ನೀನೇ ಅಲ್ವಾ. ಹಗುರವಾಗಿ ಒಂದು ಮಾಡು."

ಕಿರಿಯ ಮಗ ಊಟ ಮುಗಿಸುವ ಮೊದಲೇ ಎದ್ದು ಅಳತೆಪಟ್ಟಿ ತಂದ.

ಮರುದಿನವೇ ಜೀರುಂಡೆ ಅಂಗಡಿಗೆ ಹೋಗಿ ತಲೆಯನ್ನು ನುಡಿಸಿ ನೋಡಿದಳು. ಮೊದಲು ನೋಡಿದ ದೊಡ್ಡದರ ಗಾಂಭೀರ್ಯ ಇದಕ್ಕಿಲ್ಲ, ಆದರೆ ಕೈಗೆ ಚುರುಕಾಗಿ ಉತ್ತರ ಕೊಡುತ್ತದೆ, ಮೂರು ಹಾಡಿಗೂ ಮೂರು ಮುಖ ಇದೆ ಎಂದು ಒಪ್ಪಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಸಂಗೀತ ಸಂಜೆಯಲ್ಲಿ ಗಿಟಾರು ನುಡಿಸಲು ತನ್ನ ಹೆಸರನ್ನೇ ಕೊಟ್ಟಳು.

ಇತ್ತ ಗೋಡೌನು ಬಡಗಿಯ ಮನೆಯಾಯಿತು. ನಮ್ಮ ಡಬ್ಬಗಳಿಗೆ ಹಾಕುವ ದಪ್ಪ ಹಲಗೆ ಬಿಟ್ಟು, ತೆಳು ಪದರದ ಹಗುರ ಪ್ಲೈವುಡ್ಡು ತಂದ ಕಿರಿಯ ಮಗ. ಅಯಸ್ಕಾಂತ ಹಗುರವಾಗಿರುವ ಗಿಟಾರ್ ಸ್ಪೀಕರನ್ನು ಜುಟ್ಟಿನವನೇ ತರಿಸಿಕೊಟ್ಟ. ಮನೆಯಲ್ಲೆಲ್ಲ ಅಂಟಿನ ವಾಸನೆ, ಕೂದಲಲ್ಲೆಲ್ಲ ಮರದ ಪುಡಿ. ಸೊಸೆ ಕೆಲಸದಿಂದ ಬಂದವಳು ಚಹಾ ಕುಡಿಯುವ ಮೊದಲು ಗೋಡೌನಿಗೆ ಹೋಗಿ ಅರ್ಧ ಮಾಡಿದ ಡಬ್ಬವನ್ನು ಎತ್ತುತ್ತಿದ್ದಳು. ಹಿಡಿಕೆ ನಡುವೆ ಬೇಡ, ಸ್ಪೀಕರಿನ ಕಡೆಗೆ ಸರಿಸು, ಕೈ ತಿರುಚುತ್ತದೆ ಎನ್ನುತ್ತಿದ್ದಳು. ಅವನು ಗೊಣಗುತ್ತ ತೂತು ಮುಚ್ಚಿ ಬೇರೆ ಕಡೆ ಕೊರೆಯುತ್ತಿದ್ದ. ಕನ್ನಡಕದ ಗಾಜಿನಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವಳು. ಅವಳನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ.

ಎಲ್ಲ ಮುಗಿದ ದಿನ ಜೀರುಂಡೆ ತಲೆಯನ್ನು ಡಬ್ಬದ ಮೇಲಿಟ್ಟು ವೈರು ಸಿಕ್ಕಿಸಿದಳು. ತಿಳಿಯಾದ ಸ್ವರ ಬಂತು. ಕಾಲು ಒತ್ತಿದಳು. ಗೋಡೌನಿನ ತಗಡಿನ ಬಾಗಿಲು ಗದಗದ ನಡುಗಿತು. ಕಿರಿಯ ಮಗನ ಕೈ ತಾನಾಗಿಯೇ ಗುಂಡಿಯ ಕಡೆಗೆ ಚಾಚಿತು. ಸೊಸೆ ಅದರ ಮೇಲೊಂದು ಏಟು ಕೊಟ್ಟಳು.

"ಬಿಡು. ಒಡೀಲಿ."

ಜೀರುಂಡೆ ನುಡಿಸುವುದನ್ನು ನಿಲ್ಲಿಸಿ ತಾಯಿಯನ್ನು ನೋಡಿದಳು. ಅಂಗಡಿಯಲ್ಲಿ ಆಡಿದ ಮಾತಿಗಾಗಿ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಕೂದಲಿನ ಮರದ ಪುಡಿ ಕೊಡವುತ್ತ, "ಡಾಕ್ಟ್ರು ಹೇಳಿದ್ದು ನಂಗೂ ಕೇಳಿಸಿದೆ ಕಣೆ," ಎಂದಳು. "ನೀನು ಎತ್ತೋವಾಗ ನಂಗೆ ಭಯ ಆಗಬಾರದು. ಅಷ್ಟೇ ಬೇಕಿತ್ತು."

ಸಂಗೀತ ಸಂಜೆಯ ದಿನ ಜೀರುಂಡೆ ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ತಲೆ, ಬೆನ್ನಿಗೆ ಗಿಟಾರು ಹಾಕಿಕೊಂಡು ಸಭಾಂಗಣದ ಹಿಂಬಾಗಿಲಿಗೆ ನಡೆದಳು. ಡ್ರಮ್ಮಿನವಳು ಸಹಾಯಕ್ಕೆ ಓಡಿಬಂದಾಗ ಬೇಡವೆಂದಳು. ಅವಳ ಹಿಂದೆ ಸೊಸೆ ಬರಿಗೈಯಲ್ಲಿ ನಡೆಯುತ್ತಿದ್ದಳು. ಕೈ ಒಂದೆರಡು ಸಲ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಮುಟ್ಟಲಿಲ್ಲ.

ಒಳಗೆ ನಾವು ನಡುವಿನ ಸಾಲಿನಲ್ಲಿ ಕುಳಿತೆವು. ಮೊದಲ ಹಾಡು ಶುರುವಾದಾಗ ಸೊಸೆ ಸೆರಗು ಬಿಗಿಹಿಡಿದಿದ್ದಳು. ಎರಡನೆಯದಕ್ಕೆ ಹಿಡಿತ ಸಡಿಲವಾಯಿತು. ಮೂರನೆಯದು ಬಿದ್ದಾಗ ನನ್ನ ಎದೆಯೊಳಗೇ ಯಾರೋ ಬಾಗಿಲು ಬಡಿದ ಹಾಗಾಯಿತು. ಎದುರಿನ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು, ನಮಗೆ ಏನೂ ಕಾಣಲಿಲ್ಲ. ಸೊಸೆಯೂ ಎದ್ದಳು. ಕಾಣದೆ ಹೋದಾಗ ಕುರ್ಚಿಯ ಮೇಲೆ ಹತ್ತಿದಳು. ಅವಳಿಗೆ ಆ ಸಂಗೀತ ಇಷ್ಟವಾಯಿತೆಂದು ನಾನು ಹೇಳಲಾರೆ. ಅದು ನನಗೂ ಅರ್ಥವಾಗಲಿಲ್ಲ. ಆದರೆ ಕಿರಿಯ ಮಗ ಅತ್ತಿಗೆ ಎಲ್ಲಿ ಬಿದ್ದುಬಿಟ್ಟಾರೋ ಎಂದು ಕುರ್ಚಿ ಹಿಡಿದುಕೊಂಡು ನಿಂತದ್ದನ್ನೂ, ಅವಳು ಮಗಳ ಕೈಯನ್ನೇ ನೋಡುತ್ತ ತಲೆಯಾಡಿಸಿದ್ದನ್ನೂ ಕಂಡೆ. ನಾನು ಒಬ್ಬಳೇ ಕುಳಿತವಳು, ಆ ಗದ್ದಲದ ನಡುವೆಯೇ ಕಣ್ಣು ಮುಚ್ಚಿ ಕೈಜೋಡಿಸಿದೆ.

ಭಗವಂತಾ, ನನ್ನ ಮಗ ಬದುಕಿದ್ದಷ್ಟು ಕಾಲ ಬೇರೆಯವರ ಮಾತು ದೂರದವರೆಗೆ ಕೇಳಲೆಂದು ದುಡಿದ. ತನ್ನ ಮಾತು ಕಡಿಮೆ ಆಡಿದ. ಈಗ ಅವನು ನಿನ್ನ ಬಳಿ ಇದ್ದಾನೆ. ಅವನಿಗೆ ವಿಶ್ರಾಂತಿ ಕೊಡು. ಅವನ ಸುತ್ತ ಸದ್ದು ಗದ್ದಲವಿಲ್ಲದೆ ಶಾಂತವಾಗಿರಲಿ. ಮಗಳ ಈ ಸದ್ದು ಅಲ್ಲಿಯವರೆಗೆ ಬಂದರೆ, ಇದೊಂದನ್ನು ಮಾತ್ರ ತಡೆಯಬೇಡ.